ಬೆಂಗಳೂರಿನ ಬಚ್ಚಲುಮನೆಯಲ್ಲಿ ವೆಟ್‌ಸೂಟ್ ಪರೀಕ್ಷೆ

ಜನವರಿಯ ಬೆಳಗಿನ ಆರು ಗಂಟೆಗೆ ಸ್ನಾನ ಮಾಡಿ, ಮೈ ಒರೆಸಿಕೊಳ್ಳದೆ, ಒದ್ದೆ ಟೀ ಶರ್ಟಿನಲ್ಲೇ ತುಮಕೂರು ರಸ್ತೆಯಲ್ಲಿ ಬೈಕಿನ ಹಿಂದಿನ ಸೀಟಿನಲ್ಲಿ ಕೂತರೆ ಹೇಗಿರುತ್ತದೋ, ಓಡುವ ದೋಣಿಯ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ವಾಟರ್ ಸ್ಕೀಯಿಂಗ್‌ನ ಚಳಿ ಹೆಚ್ಚುಕಡಿಮೆ ಹಾಗಿರುತ್ತದೆ. ಥರ್ಮಾಮೀಟರ್ 16 ಡಿಗ್ರಿ ತೋರಿಸುತ್ತಿರುತ್ತದೆ, ಹಲ್ಲು ಮಾತ್ರ ಕಟಕಟ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹೀಗಾಗಿ ಈ ಊರಿನವರಿಗೆ ಚಳಿಯ ಸಾಮಾನು ಅಂದರೆ ಸ್ವೆಟರ್, ಮಂಕಿ ಕ್ಯಾಪ್, ಹೆಚ್ಚೆಂದರೆ ಒಂದು ದಪ್ಪ ರಗ್ಗು. ನೀರಲ್ಲಿ ನೆನೆದೂ ಬೆಚ್ಚಗಿರುವ ಉಡುಪನ್ನು, ಅಂದರೆ ವೆಟ್‌ಸೂಟನ್ನು, ಆರಿಸುವ ಅಭ್ಯಾಸ ಇಲ್ಲಿಲ್ಲ, ಆರಿಸಿಕೊಡುವ ಅಂಗಡಿಯೂ ಇಲ್ಲ ಅನ್ನಬೇಕು.

ಬೇಕಾಗಿದ್ದದ್ದು ಇಷ್ಟು: ಏಪ್ರಿಲ್ ಕೊನೆಗೆ ಹೊರದೇಶದ ಒಂದು ಕೆರೆ, ನೀರು 13–14 ಡಿಗ್ರಿ, ದೋಣಿಯಲ್ಲಿ ನಾಲ್ಕು ಜನ ಸ್ಕೀಯರ್‌ಗಳು. ಎಲ್ಲವನ್ನೂ ಇಲ್ಲೇ ಆರಿಸಿ, ಇಲ್ಲೇ ಹಾಕಿ ನೋಡಿ, ಕೂರದ್ದನ್ನು ವಾಪಸ್ ಕಳಿಸಿ ಹೊರಡಬೇಕು. ಊರೊಳಗಿನ ಕೆರೆಗಳಲ್ಲಿ ಸ್ಕೀ ಮಾಡುವಂತಿಲ್ಲ. ಹಲಸೂರು ಕೆರೆಯ ಏರಿ ಮೇಲೆ ನಿಂತು ನಿಟ್ಟುಸಿರು ಬಿಡಬಹುದು, ಅಷ್ಟೆ. ಉಳಿದದ್ದು ಬಚ್ಚಲುಮನೆ, ಟೆರೇಸ್, ಬಡಾವಣೆಯ ಈಜುಕೊಳ. ಪರೀಕ್ಷೆಗೆ ಅಷ್ಟು ಸಾಕು.

ಮೊದಲು ಚಳಿ ಆಗುವುದು ಯಾವಾಗ ಅನ್ನುವುದನ್ನು ಲೆಕ್ಕ ಹಾಕಬೇಕು. ಸ್ಲಾಲಮ್ ಕೋರ್ಸಿನ, ಅಂದರೆ ತೇಲುವ ಚೆಂಡುಗಳ ಸುತ್ತ ಅಂಕುಡೊಂಕಾಗಿ ಸ್ಕೀ ಮಾಡುವ ದಾರಿಯ, ಉದ್ದ 259 ಮೀಟರ್. ಗಂಟೆಗೆ 55 ಕಿ.ಮೀ. ವೇಗದಲ್ಲಿ ಅದನ್ನು ದಾಟಲು 16.95 ಸೆಕೆಂಡು. ಒಬ್ಬರು ಎಂಟು ಪಾಸ್ ಮಾಡಿದರೂ, ಅಂದರೆ ಎಂಟು ಸಲ ದಾಟಿದರೂ, ಕೋರ್ಸಿನೊಳಗೆ ಕಳೆಯುವುದು ಎರಡೂಕಾಲು ನಿಮಿಷ. ತಿರುಗುವುದು, ಬೀಳುವುದು, ಹಗ್ಗ ಬರುವ ತನಕ ತೇಲುತ್ತ ಕಾಯುವುದು ಎಲ್ಲ ಸೇರಿಸಿದರೆ ಹನ್ನೆರಡು, ಹದಿನೈದು ನಿಮಿಷ. ಆಮೇಲೆ ಉಳಿದ ಮೂವರ ಸರದಿ ಮುಗಿಯುವ ತನಕ ಮುಕ್ಕಾಲು ಗಂಟೆ ಒದ್ದೆ ಉಡುಪಿನಲ್ಲಿ, ಓಡುವ ದೋಣಿಯ ಗಾಳಿಗೆ ಮೈಯೊಡ್ಡಿ ಕೂರಬೇಕು. ಸ್ಕೀ ಮಾಡುವಾಗ ತೊಡೆ, ಬೆನ್ನು, ತೋಳು ಎಲ್ಲ ದುಡಿಯುತ್ತಿರುತ್ತವೆ, ಮೈ ತಾನೇ ಬಿಸಿಯಾಗಿರುತ್ತದೆ. ಹಾಳು ಮಾಡುವುದು ಆ ಮುಕ್ಕಾಲು ಗಂಟೆ. ಹಾಗಾಗಿ ಎಷ್ಟು ಮಿ.ಮೀ. ದಪ್ಪ ಬೇಕು ಅನ್ನುವ ಪ್ರಶ್ನೆಗಿಂತ ಮೊದಲು, ಇದನ್ನು ಹಾಕಿಕೊಂಡು ಸುಮ್ಮನೆ ಎಷ್ಟು ಹೊತ್ತು ಕೂರಬಹುದು ಅಂತ ಕೇಳಿಕೊಳ್ಳಬೇಕು. ಈ ಪರೀಕ್ಷೆಯೆಲ್ಲ ಆ ಪ್ರಶ್ನೆಯ ಸುತ್ತಲೇ ನಡೆದದ್ದು.

ಗಾಳಿಗಿಂತ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ಬೇಗ ಎಳೆಯುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಮಾತು. ನೀರು ಆರುವಾಗ ಎಷ್ಟು ಎಳೆಯುತ್ತದೆ ಅನ್ನುವುದು ಅಷ್ಟಾಗಿ ಗೊತ್ತಿರುವುದಿಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಬೇಕು. ಸೂಟಿನ ಹೊರಬಟ್ಟೆಯಿಂದ 100 ಗ್ರಾಂ, ಅಂದರೆ ಅರ್ಧ ಲೋಟ ನೀರು ಆರಿದರೆ 240 ಕಿಲೋಜೂಲ್ ಹೋಯಿತು. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತದೆ. ಆ ಲೆಕ್ಕದಲ್ಲಿ ಇದು ನಲವತ್ತು ನಿಮಿಷದ ದುಡಿಮೆ. ಅಷ್ಟೂ ಮೈಯಿಂದಲೇ ಹೋಗುವುದಿಲ್ಲ, ಬೀಸುವ ಗಾಳಿಯೂ ಒಂದಿಷ್ಟು ಕೊಡುತ್ತದೆ. ಆದರೂ ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಯಾವ ಕಾರಣಕ್ಕೋ, ಒದ್ದೆ ಸೂಟಿನೊಳಗಿನ ಮನುಷ್ಯ ತಣ್ಣಗಾಗುವುದೂ ಅದೇ ಕಾರಣಕ್ಕೆ.

ಇದನ್ನು ತಲೆಯಲ್ಲಿಟ್ಟುಕೊಂಡು ಸೂಟಿನ ಬಟ್ಟೆ ನೋಡಬೇಕು. ನಿಯೋಪ್ರೀನ್ ಅಂದರೆ ಒಳಗೆಲ್ಲ ಸಣ್ಣ ಸಣ್ಣ ಮುಚ್ಚಿದ ಅನಿಲದ ಗುಳ್ಳೆಗಳಿರುವ ರಬ್ಬರ್. ಬೆಚ್ಚಗಿಡುವುದು ಆ ಗುಳ್ಳೆಗಳು. 4/3 ಅಂದರೆ ಮುಂಡಕ್ಕೆ 4 ಮಿ.ಮೀ., ಕೈಕಾಲಿಗೆ 3. ಎರಡು ಮಗ್ಗುಲಿಗೂ ನೈಲಾನ್ ಬಟ್ಟೆ ಅಂಟಿಸಿದ ಸೂಟು ಗಟ್ಟಿ, ದೋಣಿಯ ಅಂಚಿಗೆ ಉಜ್ಜಿದರೂ ತಡೆಯುತ್ತದೆ. ಆದರೆ ಹೊರಗಿನ ಬಟ್ಟೆ ನೀರು ಹಿಡಿದುಕೊಂಡು ಹೂಜಿಯಾಗುತ್ತದೆ. ಹೊರಮಗ್ಗುಲು ಬರೀ ನುಣುಪು ರಬ್ಬರ್ ಇದ್ದರೆ ನೀರು ಜಾರಿಹೋಗುತ್ತದೆ, ಗಾಳಿ ತಾಕುವುದಿಲ್ಲ. ಆದರೆ ಉಗುರು ತಾಗಿದರೆ ಅರ್ಧಚಂದ್ರಾಕಾರದಲ್ಲಿ ಹರಿಯುತ್ತದೆ. ತುಂಬ ಸೂಟುಗಳಲ್ಲಿ ಈ ನುಣುಪು ರಬ್ಬರನ್ನು ಎದೆ ಮತ್ತು ಬೆನ್ನಿಗೆ ಮಾತ್ರ ಇಟ್ಟಿರುತ್ತಾರೆ. ಅಲೆ ಸವಾರಿಗೆ ಅದು ಸರಿ. ಸ್ಕೀಯಿಂಗ್‌ನಲ್ಲಿ ಎದೆ, ಬೆನ್ನು ಎರಡೂ ಲೈಫ್ ಜಾಕೆಟ್ಟಿನ ಕೆಳಗೆ ಮುಚ್ಚಿಹೋಗುತ್ತವೆ, ಗಾಳಿ ತಿನ್ನುವುದು ತೋಳು ಮತ್ತು ತೊಡೆ. ಆ ನುಣುಪು ಪಟ್ಟಿಗೆ ಹೆಚ್ಚು ದುಡ್ಡು ಕೊಡುವುದು ದಂಡ.

ಹೊಲಿಗೆ ನೋಡಲು ಸೂಟನ್ನು ಒಳಮಗ್ಗುಲು ಹೊರಗೆ ಮಾಡಿ ಬೆಳಕಿಗೆ ಹಿಡಿಯಬೇಕು. ರೈಲು ಕಂಬಿಯಂತೆ ಎರಡೂ ಕಡೆ ದಾರ ಕಾಣುವ ಚಪ್ಪಟೆ ಹೊಲಿಗೆ ಮೈಗೆ ಹಿತ, ಆದರೆ ಸೂಜಿ ಆರಪಾರ ತೂತು ಮಾಡಿರುತ್ತದೆ. 20 ಡಿಗ್ರಿಗಿಂತ ಮೇಲಿನ ನೀರಿಗೆ ಅದು ನಡೆಯುತ್ತದೆ, 14ಕ್ಕೆ ನಡೆಯುವುದಿಲ್ಲ. ಬೇಕಾದದ್ದು ಅಂಚಿಗೆ ಅಂಚು ಅಂಟಿಸಿ, ಸೂಜಿ ಅರ್ಧ ದಪ್ಪಕ್ಕೆ ಮಾತ್ರ ಹೋಗುವಂತೆ ಹೊಲಿದದ್ದು. ದಾರ ಒಂದೇ ಮಗ್ಗುಲಲ್ಲಿ ಕಂಡರೆ ಅದು ಅಂಥದ್ದು. ಅನುಮಾನ ಬಂದರೆ ಹೊಲಿಗೆಯ ಮೇಲೆ ಒಂದು ಚಮಚ ನೀರು ನಿಲ್ಲಿಸಿ, ಎರಡೂ ಕಡೆಯಿಂದ ಎಳೆದು ಹಿಡಿದು ಎರಡು ನಿಮಿಷ ಬಿಟ್ಟು, ಕೆಳಗೆ ಟಿಶ್ಯೂ ಕಾಗದ ಒತ್ತಿ ನೋಡಿದರಾಯಿತು. ಟಿಶ್ಯೂ ಮೇಲೆ ಸಾಲಾಗಿ ಚುಕ್ಕಿ ಬಿದ್ದರೆ ಅದು ಸೂಜಿಯ ತೂತು.

ಅಳತೆಗೆ ಮನೆ ಹತ್ತಿರದ ಟೈಲರನ್ನೇ ಹಿಡಿಯುವುದು ಒಳ್ಳೆಯದು. ತಾನೇ ಟೇಪು ಹಿಡಿದುಕೊಂಡರೆ ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ. ಬೇಕಾದ ಅಳತೆ ಐದು: ಎದೆ, ಸೊಂಟ, ಎತ್ತರ, ತೊಡೆಸಂದಿನಿಂದ ಪಾದದ ಗಂಟಿನವರೆಗೆ, ಮತ್ತು ಭುಜದ ಮೇಲಿಂದ ತೊಡೆಸಂದಿನ ಕೆಳಗೆ ಹಾದು ಮತ್ತೆ ಭುಜಕ್ಕೆ ಬರುವ ಪೂರ್ತಿ ಸುತ್ತು. ಟೈಲರುಗಳು ಈ ಕೊನೆಯದನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಕೇಳಿ ತೆಗೆಸಬೇಕು. ಸೂಟು ಕೂರದಿರುವುದು ಹೆಚ್ಚಾಗಿ ಅಲ್ಲೇ. ಸೈಜಿನ ಪಟ್ಟಿಯಲ್ಲಿ ಮೊದಲು ಎದೆ, ಆಮೇಲೆ ಎತ್ತರ, ಕೊನೆಗೆ ತೂಕ ನೋಡಿ ಆರಿಸಬೇಕು. "ಸಾರ್, ಒಂದು ಸೈಜ್ ದೊಡ್ಡದೇ ತಗೊಳ್ಳಿ, ಕಂಫರ್ಟಾಗಿ ಇರುತ್ತೆ" ಅನ್ನುವ ಮಾತು ಪ್ಯಾಂಟಿಗೆ ಸರಿ. ವೆಟ್‌ಸೂಟಿಗೆ ಅದು ತಲೆಕೆಳಗು: ಮೈಗೂ ರಬ್ಬರಿಗೂ ನಡುವೆ ತೆಳ್ಳಗೆ ನಿಂತ ನೀರನ್ನು ಮೈ ಕಾಯಿಸಿಟ್ಟುಕೊಂಡಿರುತ್ತದೆ. ಸೂಟು ಸಡಿಲವಿದ್ದರೆ ಪ್ರತಿ ಸಲ ಬಿದ್ದಾಗಲೂ ಆ ಬೆಚ್ಚಗಿನ ನೀರು ಹೋಗಿ ಹೊಸ ತಣ್ಣೀರು ಬರುತ್ತದೆ. 5 ಮಿ.ಮೀ. ಸಡಿಲ ಸೂಟಿಗಿಂತ 3 ಮಿ.ಮೀ. ಬಿಗಿ ಸೂಟು ಬೆಚ್ಚಗೆ.

ಒಣ ಸೂಟನ್ನು ಒಣ ಮೈಗೆ ಹಾಕಿಯೇ ನೋಡಬೇಕು. ಪಾದಕ್ಕೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡರೆ ಕಾಲು ಜಾರಿ ಇಳಿಯುತ್ತದೆ. ಉಗುರಿನಿಂದ ಎಳೆಯದೆ ಬೆರಳಿನ ತಿರುಳಿನಿಂದ ಚಿವುಟಿ ಎಳೆದು, ಮೊದಲು ತೊಡೆಸಂದಿನ ತನಕ ಪೂರ್ತಿ ಏರಿಸಿಕೊಂಡು ಆಮೇಲೆ ತೋಳಿಗೆ ಹೋಗಬೇಕು. ಅರ್ಧ ಏರಿಸಿ ಭುಜ ಎಳೆದರೆ ಸೂಟು ಚಿಕ್ಕದು ಅನ್ನಿಸುತ್ತದೆ. ವಾಪಸ್ ಹೋಗುವ ಎಷ್ಟೋ ಸೂಟುಗಳ ಕಥೆ ಇಷ್ಟೇ. ಬೆಂಗಳೂರಿನ ಮಧ್ಯಾಹ್ನದಲ್ಲಿ ಮಾತ್ರ ಈ ಕೆಲಸ ಬೇಡ. ಬೆವರಿದ ಮೈಗೆ ಸೂಟು ಅಂಟಿಕೊಂಡರೆ ಹಾಕುವುದಕ್ಕಿಂತ ಬಿಚ್ಚುವುದು ಕಷ್ಟ, ಇಬ್ಬರು ಹಿಡಿದು ಎಳೆಯಬೇಕಾಗುತ್ತದೆ.

ಹಾಕಿಕೊಂಡ ಮೇಲೆ ಸಂದು ಹುಡುಕಬೇಕು. ಸೊಂಟದ ಹಿಂಭಾಗದಲ್ಲಿ, ಬೆನ್ನು ಒಳಗೆ ಬಾಗುವ ಜಾಗದಲ್ಲಿ ರಬ್ಬರನ್ನು ಮೈಯಿಂದ ಎರಡು ಬೆರಳು ಹಿಂದಕ್ಕೆ ಎಳೆಯಲು ಬಂದರೆ ಅಲ್ಲಿ ಒಂದು ಲೋಟ ನೀರು ನಿಲ್ಲುತ್ತದೆ ಅಂತ ಅರ್ಥ. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂದೆ ಕೂಡ ಹಾಗೇ ನೋಡಿಕೊಳ್ಳಬೇಕು. ನಂತರ ಕಿಟಕಿಯ ಗ್ರಿಲ್ಲಿಗೆ ಒಂದು ಟವೆಲ್ ಸುತ್ತಿ, ಎರಡೂ ತುದಿ ಹಿಡಿದು, ಮಂಡಿ ಬಾಗಿಸಿ, ಸ್ಕೀ ಮಾಡುವಾಗಿನಂತೆ ಹಿಂದಕ್ಕೆ ವಾಲಿ ಎರಡು ನಿಮಿಷ ನಿಲ್ಲಬೇಕು. ಗ್ರಿಲ್ ಗಟ್ಟಿಯಿದೆಯೇ ಅಂತ ಮೊದಲೇ ನೋಡಿಕೊಂಡಿರಬೇಕು. ಭುಜ ಮತ್ತು ಮುಂದೋಳಿನಲ್ಲಿ ರಬ್ಬರ್ ಎಳೆದಂತಾಗಿ ಬೆರಳು ಜೋಮು ಹಿಡಿದರೆ ತೋಳು ಬಿಗಿ. ಆ ಸೂಟಿನಲ್ಲಿ ಎರಡನೇ ಪಾಸಿಗೇ ಹಗ್ಗದ ಹ್ಯಾಂಡಲ್ ಕೈಬಿಡುತ್ತದೆ. ಉಸಿರು ಪೂರ್ತಿ ಎಳೆದಾಗ ಎದೆ ಹಿಡಿದಂತಾದರೆ ಮೇಲಿನ ಸೈಜು. ಕತ್ತಿನ ಪಟ್ಟಿ ಒಂದು ಬೆರಳು ತೂರುವಷ್ಟು ಬಿಗಿ ಇರಬೇಕು. ಹಿಂದೆ ಝಿಪ್ ಇರುವ ಸೂಟು ಹಾಕಲು ಸಲೀಸು, ಆದರೆ ಬೆನ್ನಿಗೆ ಬಿದ್ದಾಗ ನೀರು ನುಗ್ಗುವುದೂ ಅಲ್ಲಿಂದಲೇ. ಎದೆಯ ಅಡ್ಡ ಝಿಪ್ಪಿನದಕ್ಕೆ ನೀರು ಕಡಿಮೆ, ಭುಜ ಮಡಚಲಾಗದವರಿಗೆ ಕಷ್ಟ.

ಮೊಣಕಾಲಿಗೆ ನಿಲ್ಲುವ ಗಿಡ್ಡ ಸೂಟು ಸಾಕಲ್ಲವೇ ಅನ್ನುವವರಿಗೆ ಒಂದು ಮಾತು: 14 ಡಿಗ್ರಿಗೆ ಸಾಲದು. 24 ಡಿಗ್ರಿಗಿಂತ ಬೆಚ್ಚಗಿನ ನೀರಿನಲ್ಲೂ ಬರೀ ಈಜುಚಡ್ಡಿಯಲ್ಲಿ ಸ್ಕೀ ಮಾಡಬಾರದು. 50 ಕಿ.ಮೀ. ವೇಗದಲ್ಲಿ ಕುಂಡೆ ಊರಿ ಬಿದ್ದರೆ ನೀರು ಮೈಯ ಒಳಗೆ ಒತ್ತಡದಿಂದ ನುಗ್ಗಿ ಗಾಯ ಮಾಡುತ್ತದೆ, ಇದು ಸ್ಕೀ ಸಾಮಾನಿನ ಎಚ್ಚರಿಕೆ ಚೀಟಿಯಲ್ಲೇ ಬರೆದಿರುತ್ತದೆ. ಕನಿಷ್ಠ ನಿಯೋಪ್ರೀನ್ ಚಡ್ಡಿ ಬೇಕೇ ಬೇಕು. ಇದನ್ನು ಹೇಳಲು ಎಲ್ಲರಿಗೂ ನಾಚಿಕೆ, ಅದಕ್ಕೇ ಹೇಳುತ್ತಿರುವುದು.

ಗ್ಲೌಸ್ ಮತ್ತು ಸಾಕ್ಸ್ ಪರೀಕ್ಷೆಗೆ ಒಂದು ಬಕೆಟ್ ಸಾಕು. 15 ಲೀಟರ್ ನೀರು, ನಲ್ಲಿಯಲ್ಲಿ 23 ಡಿಗ್ರಿ ಇದ್ದದ್ದನ್ನು 12ಕ್ಕೆ ಇಳಿಸಲು ಸುಮಾರು 1.8 ಕಿಲೋ ಐಸ್ ಬೇಕು. ಲೆಕ್ಕ ಸುಲಭ: ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್, ಕರಗಿದ ನೀರು 12ಕ್ಕೆ ಬರಲು ಇನ್ನೊಂದು 50, ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು 4.2 ತೆಗೆಯಬೇಕು. ಎಸ್.ಪಿ. ರಸ್ತೆಯಲ್ಲಿ ಸಿಗುವ, ಉದ್ದ ವೈರಿನ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಕೊಂಡ ದಿನವೇ ಪುಡಿ ಐಸಿಗೆ ಸ್ವಲ್ಪ ನೀರು ಬೆರೆಸಿ ಅದರಲ್ಲಿ ಸೆನ್ಸರ್ ಮುಳುಗಿಸಿಟ್ಟು, ಸೊನ್ನೆ ತೋರಿಸುತ್ತದೆಯೇ ನೋಡಿ, ವ್ಯತ್ಯಾಸವನ್ನು ಹಿಂದೆ ಬರೆದಿಡಬೇಕು. ನಾಲ್ಕರಲ್ಲಿ ಒಂದು 1.3 ಡಿಗ್ರಿ ಹೆಚ್ಚು ತೋರಿಸಿತು.

ಗ್ಲೌಸ್ ಹಾಕಿದ ಕೈಯನ್ನು ಹತ್ತು ನಿಮಿಷ ಬಕೆಟ್ಟಿನಲ್ಲಿಟ್ಟು, ತೆಗೆದ ಕೂಡಲೇ ನೆಲದ ಮೇಲಿನ ಎರಡು ರೂಪಾಯಿ ನಾಣ್ಯ ಎತ್ತಬೇಕು, ಜಾಕೆಟ್ಟಿನ ಬಕಲ್ ಹಾಕಿ ತೆಗೆಯಬೇಕು. ಎರಡೂ ಆದರೆ ಬೆರಳು ಬದುಕಿದೆ. ಈ ಪರೀಕ್ಷೆಯಲ್ಲಿ 2 ಮಿ.ಮೀ. ನಿಯೋಪ್ರೀನ್ ಗ್ಲೌಸ್ ಸಲೀಸಾಗಿ ಗೆದ್ದಿತು. ಮುಂದಿನ ಪರೀಕ್ಷೆಯಲ್ಲಿ ಅಷ್ಟೇ ಸಲೀಸಾಗಿ ಸೋತಿತು.

ಮುಂದಿನದು ಹಿಡಿತದ್ದು. 25 ಮಿ.ಮೀ. ಪಿವಿಸಿ ಪೈಪಿನ ಒಂದಡಿ ತುಂಡಿನೊಳಗೆ ಹಗ್ಗ ತೂರಿಸಿ, ಅದರ ತುದಿಗೆ ತುಂಬಿದ 20 ಲೀಟರ್ ನೀರಿನ ಕ್ಯಾನು ಕಟ್ಟಿ, ಎರಡೂ ಕೈಯಲ್ಲಿ ಪೈಪು ಹಿಡಿದು ಎತ್ತಿ ನಿಲ್ಲುವುದು, ಬೆರಳು ಬಿಚ್ಚುವ ತನಕ. ಬರಿಗೈ ಒಂದು ಸಲ, ತೆಳು ಸ್ಕೀ ಗ್ಲೌಸಿನಲ್ಲಿ ಒಂದು ಸಲ, ದಪ್ಪದರಲ್ಲಿ ಒಂದು ಸಲ. ನಡುವೆ ಹದಿನೈದು ನಿಮಿಷ ವಿಶ್ರಾಂತಿ, ಇಲ್ಲದಿದ್ದರೆ ಕೊನೆಯದಕ್ಕೆ ಅನ್ಯಾಯ. ದಪ್ಪ ಗ್ಲೌಸಿನಲ್ಲಿ ಸಮಯ ಬರಿಗೈಯದರ ಅರ್ಧಕ್ಕೆ ಹತ್ತಿರ ಬಂತು. ಕಾರಣ ಅಂಗೈಯಲ್ಲೇ ಇದೆ: 25 ಮಿ.ಮೀ. ಹ್ಯಾಂಡಲಿನ ಸುತ್ತಳತೆ 79 ಮಿ.ಮೀ.; ಅಂಗೈ ಕಡೆ 2 ಮಿ.ಮೀ. ರಬ್ಬರ್ ಸೇರಿದರೆ ವ್ಯಾಸ 29, ಸುತ್ತಳತೆ 91. ಬೆರಳು 12 ಮಿ.ಮೀ. ಹೆಚ್ಚು ಸುತ್ತಬೇಕು, ಜೊತೆಗೆ ಮಡಚಿದಾಗ ರಬ್ಬರ್ ತಾನೇ ಬಿಚ್ಚಿಕೊಳ್ಳಲು ಒದ್ದಾಡುತ್ತದೆ. ಕೊನೆಗೆ ಆರಿಸಿದ್ದು ಅಂಗೈ ತೆಳು, ಕೈಯ ಹಿಂಭಾಗಕ್ಕೆ ಮಾತ್ರ ನಿಯೋಪ್ರೀನ್ ಇರುವ ಸ್ಕೀ ಗ್ಲೌಸ್. ದೋಣಿ ಹತ್ತಿದ ತಕ್ಷಣ ಅದನ್ನು ತೆಗೆದು, ಕೈ ಒರೆಸಿ, ಉಣ್ಣೆಯ ಒಣ ಗ್ಲೌಸ್ ಹಾಕಿಕೊಳ್ಳುವುದು. ಸ್ಕೀ ಗ್ಲೌಸ್ ಒಣಗಿದ್ದಾಗ ಬಿಗಿ ಅನ್ನಿಸುವುದನ್ನೇ ಕೊಳ್ಳಬೇಕು, ನೆನೆದರೆ ಅದು ಸಡಿಲವಾಗುತ್ತದೆ.

ಕಾಲಿನ ವಿಷಯ ಇನ್ನೂ ಸೂಕ್ಷ್ಮ. 2 ಮಿ.ಮೀ. ಸಾಕ್ಸ್ ಹಾಕಿದರೆ ಬೈಂಡಿಂಗ್ ಬೂಟು, ಅಂದರೆ ಸ್ಕೀ ಮೇಲೆ ಕಾಲು ಹಿಡಿದಿಡುವ ರಬ್ಬರ್ ಬೂಟು, ಅರ್ಧ ಸೈಜು ದೊಡ್ಡದು ಬೇಕಾಗುತ್ತದೆ. ಇದ್ದ ಬೂಟಿಗೇ ಸಾಕ್ಸ್ ತುರುಕಿದರೆ ಎರಡು ತೊಂದರೆ: ರಕ್ತ ಓಡದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ, ಬಿದ್ದಾಗ ಕಾಲು ಬಿಡಿಸಿಕೊಳ್ಳುವುದಿಲ್ಲ. ಎರಡನೆಯದು ಪಾದದ ಗಂಟಿಗೆ ಕುತ್ತು. ಹೀಗಾಗಿ ಬರಿಗಾಲೇ ಸರಿ ಅಂತ ತೀರ್ಮಾನ. ತಣ್ಣನೆಯ ರಬ್ಬರ್ ಬೂಟು ಸೆಡೆತುಕೊಂಡಿರುತ್ತದೆ, ಒತ್ತಾಯದಿಂದ ಎಳೆದರೆ ಹಿಮ್ಮಡಿ ಪಟ್ಟಿ ಹರಿಯುತ್ತದೆ. ಒಂದು ಮಗ್ ಬೆಚ್ಚಗಿನ ನೀರು ಹೊಯ್ದು ಅರ್ಧ ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಜಾರಲು ತೆಳುವಾಗಿ ಕಲಸಿದ ಬೇಬಿ ಶಾಂಪೂ ನೀರು ಸಾಕು. ಕೊಬ್ಬರಿ ಎಣ್ಣೆ ಬೇಡ, ವ್ಯಾಸಲೀನ್ ಬೇಡ. ಎಣ್ಣೆ, ಜಿಡ್ಡು ರಬ್ಬರಿಗೆ ಒಳ್ಳೆಯದಲ್ಲ, ಲ್ಯಾಟೆಕ್ಸಿಗಂತೂ ವಿಷ.

ಈಜುಕೊಳಕ್ಕೆ ಹೋಗುವ ಮೊದಲು ಅಲ್ಲಿನವರ ಒಪ್ಪಿಗೆ ಬೇಕು. ಪೂರ್ತಿ ಕಪ್ಪು ಉಡುಪಿನಲ್ಲಿ ಬಂದವರನ್ನು ಕಂಡರೆ ಮೊದಲು ಬೇಡ ಅನ್ನುತ್ತಾರೆ. ಹೊಸ ಸೂಟನ್ನು ಎದುರಿಗೇ ತೊಳೆದು ತೋರಿಸಿ, ಜನ ಕಡಿಮೆ ಇರುವ ಹೊತ್ತು ಕೇಳಿ, ಏನು ಮಾಡುತ್ತೇವೆ ಅಂತ ಲೈಫ್‌ಗಾರ್ಡಿಗೆ ಮೊದಲೇ ಹೇಳಿದರೆ ಕೆಲಸ ಆಗುತ್ತದೆ. ಜನವರಿಯ ಬೆಳಿಗ್ಗೆ ಕೊಳದ ನೀರು 21.5 ಡಿಗ್ರಿ ಇತ್ತು. ಬೇಕಾದದ್ದು 14. ಒರಟು ಲೆಕ್ಕ ಹೀಗೆ: ಚರ್ಮದ ಉಷ್ಣಾಂಶ 32 ಅಂತಿಟ್ಟುಕೊಂಡರೆ ಇಲ್ಲಿ ವ್ಯತ್ಯಾಸ 10.5, ಅಲ್ಲಿ 18. ಶಾಖ ಹೋಗುವುದು ಸುಮಾರು 1.7 ಪಟ್ಟು ಬೇಗ. ಇಲ್ಲಿ ಐವತ್ತು ನಿಮಿಷ ಆರಾಮ ಅನ್ನಿಸಿದ ಸೂಟು ಅಲ್ಲಿ ಅರ್ಧ ಗಂಟೆಗೆ ಬರುತ್ತದೆ. ಈ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಇದೆ: 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಹಿಡಿತಕ್ಕೆ ಬರುವುದಿಲ್ಲ. ಆ ಒಂದು ನಿಮಿಷ ಮುಖ ನೀರಿನ ಮೇಲಿರಬೇಕು, ಅದಕ್ಕೇ ಲೈಫ್ ಜಾಕೆಟ್. ಈ ಅನುಭವವನ್ನು ಕೊಳದಲ್ಲಿ ಪರೀಕ್ಷಿಸಲಾಗುವುದಿಲ್ಲ. ಮನೆಯ ಡ್ರಮ್ಮಿಗೆ ಐಸ್ ಸುರಿದು ಒಬ್ಬರೇ ಇಳಿಯುವ ಸಾಹಸವಂತೂ ಬೇಡವೇ ಬೇಡ.

ಸೆನ್ಸರಿನ ವೈರನ್ನು ಕತ್ತಿನಿಂದ ಇಳಿಬಿಟ್ಟು ಸೊಂಟದ ಹಿಂಭಾಗದಲ್ಲಿ ಟೇಪಿನಿಂದ ಅಂಟಿಸಿಕೊಂಡು, ಡಿಸ್‌ಪ್ಲೇಯನ್ನು ಝಿಪ್ ಚೀಲದಲ್ಲಿಟ್ಟು ಭುಜಕ್ಕೆ ಕಟ್ಟಬೇಕು. ಮೆಲ್ಲಗೆ ಇಳಿದರೆ ಮೊದಲು 22–23ಕ್ಕೆ ಬೀಳುತ್ತದೆ, ಸುಮ್ಮನೆ ನಿಂತರೆ ನಿಮಿಷ ನಿಮಿಷಕ್ಕೂ ಏರುತ್ತದೆ. ಅದು ಒಂದು ಮಟ್ಟದಲ್ಲಿ ನಿಂತ ಮೇಲೆ ದಂಡೆಯಿಂದ ಬೆನ್ನಿಗೆ ಬೀಳುವಂತೆ ಒಂದು ಸಲ, ಕೈ ಚಾಚಿ ಮಗ್ಗುಲಿಗೆ ಒಂದು ಸಲ ಹಾರಬೇಕು. ಕೂತ ಸೂಟಿನಲ್ಲಿ ಒಂದೆರಡು ಡಿಗ್ರಿ ಇಳಿದು ಬೇಗ ಮತ್ತೆ ಏರಿತು. ಬೆನ್ನಲ್ಲಿ ಸಂದಿದ್ದ ಸೂಟಿನಲ್ಲಿ ನೇರ ಕೊಳದ ಉಷ್ಣಾಂಶದ ಹತ್ತಿರಕ್ಕೇ ಇಳಿಯಿತು, ಏರಲು ಐದು ನಿಮಿಷ ತೆಗೆದುಕೊಂಡಿತು. ದಪ್ಪ ಎರಡರದೂ ಒಂದೇ, 4/3. ಗ್ರಿಲ್ಲಿನ ಮುಂದೆ ಎರಡು ಬೆರಳಿಗೆ ಸಿಕ್ಕಿದ ಸಂದು ಇಲ್ಲಿ ಅಂಕಿಯಾಗಿ ಕಂಡಿತು. ಆ ಸೂಟು ವಾಪಸ್.

ಲೈಫ್ ಜಾಕೆಟ್ಟನ್ನೂ ಅದೇ ದಿನ, ಸೂಟಿನ ಮೇಲೆಯೇ ಹಾಕಿ ನೋಡಬೇಕು. ಟೀ ಶರ್ಟಿನ ಮೇಲೆ ಕೂತ ಜಾಕೆಟ್ ದಪ್ಪ ಸೂಟಿನ ಮೇಲೆ ಬಕಲ್ ಮುಟ್ಟುವುದಿಲ್ಲ. 50 ನ್ಯೂಟನ್ ತೇಲಿಕೆಯ ಗುರುತು ಇರಲಿ. ಸ್ಪರ್ಧೆಗೆಂದು ಮಾರುವ ತೆಳು ಜಾಕೆಟ್ಟುಗಳಲ್ಲಿ ಎಷ್ಟೋ ಪೆಟ್ಟು ತಡೆಯಲು ಮಾತ್ರ, ತೇಲಿಸಲು ಅಲ್ಲ. ನೀರಿನಲ್ಲಿ ಮೈ ಸಡಿಲ ಬಿಟ್ಟಾಗ ಇನ್ನೊಬ್ಬರು ಭುಜದ ಪಟ್ಟಿ ಹಿಡಿದು ಮೇಲೆತ್ತಲಿ, ಜಾಕೆಟ್ ಗಲ್ಲ ದಾಟಿ ಏರಿದರೆ ಅದು ದೊಡ್ಡದು.

ಕೊಳದಿಂದ ಎದ್ದ ಮೇಲೆ ಅಸಲಿ ಪರೀಕ್ಷೆ. ಒರೆಸಿಕೊಳ್ಳದೆ, ಸೂಟು ಬಿಚ್ಚದೆ, ನೆರಳಿನಲ್ಲಿ ಪೆಡೆಸ್ಟಲ್ ಫ್ಯಾನಿನ ಮುಂದೆ ಒಂದೂವರೆ ಮೀಟರ್ ದೂರದಲ್ಲಿ ಸ್ಟೂಲು ಹಾಕಿ ನಲವತ್ತೈದು ನಿಮಿಷ ಕೂರುವುದು. ಫ್ಯಾನಿನ ಗಾಳಿ ದೋಣಿಯ ಗಾಳಿಗೆ ಸಮವಲ್ಲ, ಆದರೂ ಹೂಜಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಸಾಕು. ನೀರಿನಲ್ಲಿ ಐವತ್ತು ನಿಮಿಷ ಬೆಚ್ಚಗಿದ್ದವರು ಇಲ್ಲಿ ಹದಿನೈದು ನಿಮಿಷಕ್ಕೇ ಭುಜ ಕುಗ್ಗಿಸಿದರು. ಮೇಲೊಂದು ಸಾದಾ, ಸಡಿಲ, ಉದ್ದನೆಯ ರೇನ್‌ಕೋಟು ಹಾಕಿದ ಮೇಲೆ ಅದೇ ಮೈ, ಅದೇ ಫ್ಯಾನು, ನಲವತ್ತೈದು ನಿಮಿಷ ನಿರಾಯಾಸ. ಇಡೀ ಖರೀದಿಯಲ್ಲಿ ಅತಿ ಅಗ್ಗದ ಸಾಮಾನು ಅದೇ. ಬೈಕಿನವರು ಹಾಕುವ ರೇನ್‌ಕೋಟು ಸಾಕು, ಬಟನ್ ಬದಲು ಒಂದೇ ಎಳೆತಕ್ಕೆ ಬಿಚ್ಚುವ ವೆಲ್ಕ್ರೋ ಇರಬೇಕು. ಅದನ್ನು ಜಾಕೆಟ್ಟಿನ ಮೇಲೆ ಹಾಕುವುದು, ದೋಣಿಯಿಂದ ಬಿದ್ದರೆ ಕಳಚಲು ಬರಬೇಕು. ಕಾಲ ಮೇಲೆ ಕುರಿ ಉಣ್ಣೆಯ ಕರಿ ಕಂಬಳಿ ಹಾಸಿಕೊಂಡರೆ ಇನ್ನೂ ಒಳ್ಳೆಯದು. ಉಣ್ಣೆ ನೆನೆದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ, ಹತ್ತಿಯ ಟವೆಲ್ಲಿಗೆ ಆ ಗುಣವಿಲ್ಲ.

ಈ ಫ್ಯಾನಿನ ಪರೀಕ್ಷೆಯಲ್ಲಿ ರೇನ್‌ಕೋಟಿದ್ದರೂ ನಡುಗಿದ ಇಬ್ಬರಿಗೆ ಡ್ರೈಸೂಟು ಅಂತಾಯಿತು. ತೆಳು ಮೈಯವರಿಗೆ ಅದೇ ಸರಿ. ಅದು ಬೆಚ್ಚಗಿಡುವ ಉಡುಪಲ್ಲ, ನೀರು ಬಾರದಂತೆ ತಡೆಯುವ ಚೀಲ. ಬೆಚ್ಚಗಿಡುವುದು ಒಳಗೆ ಹಾಕಿದ ಬಟ್ಟೆ. ಒಳಗೆ ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ, ಹತ್ತಿ ಬನಿಯನ್ ಬೆವರಿಗೇ ಒದ್ದೆಯಾಗುತ್ತದೆ. ಹೊಸ ಲ್ಯಾಟೆಕ್ಸ್ ಕತ್ತುಪಟ್ಟಿ ಕುತ್ತಿಗೆ ಹಿಸುಕುತ್ತದೆ. ಕತ್ತರಿ ಹಿಡಿಯುವ ಮೊದಲು ಕುತ್ತಿಗೆಗಿಂತ ಸ್ವಲ್ಪ ದಪ್ಪನೆಯ ಸ್ಟೀಲ್ ಡಬ್ಬಕ್ಕೆ ಒಂದು ರಾತ್ರಿ ಎಳೆದು ಹಾಕಿಡಬೇಕು. ಆಗಲೂ ಬಿಗಿಯಿದ್ದರೆ ಪಟ್ಟಿಯ ಮೇಲೆ ಗುರುತಾಗಿರುವ ಉಂಗುರಗಳಲ್ಲಿ ಒಂದನ್ನು ಮಾತ್ರ ಕತ್ತರಿಸಿ, ಹಾಕಿ, ಹತ್ತು ನಿಮಿಷ ನೋಡಿ, ಬೇಕಿದ್ದರೆ ಇನ್ನೊಂದು. ಕತ್ತರಿಸುವ ಅಂಚಿನಲ್ಲಿ ಒಂದು ಕಚ್ಚು ಉಳಿದರೂ ಮುಂದೆ ಅಲ್ಲಿಂದಲೇ ಸೀಳುತ್ತದೆ.

ಸೋರಿಕೆ ಹುಡುಕುವ ವಿಧಾನ ಯಾವ ಪಂಚರ್ ಅಂಗಡಿಯಲ್ಲಾದರೂ ನೋಡಬಹುದು. ಒಂದು ಮಣಿಕಟ್ಟಿನ ಪಟ್ಟಿಗೆ ನೀರಿನ ಬಾಟಲಿ, ಕತ್ತಿಗೆ ಅದೇ ಸ್ಟೀಲ್ ಡಬ್ಬ ಸಿಕ್ಕಿಸಿ, ಇನ್ನೊಂದು ಮಣಿಕಟ್ಟಿನಿಂದ ಬ್ಲೋವರಿನಲ್ಲಿ ಗಾಳಿ ತುಂಬಿಸಿ ಅದಕ್ಕೂ ಬಾಟಲಿ ಸಿಕ್ಕಿಸಿ, ಸೂಟು ಮೈದುಂಬಿಕೊಂಡ ಮೇಲೆ ಹೊಲಿಗೆ ಮತ್ತು ಝಿಪ್ಪಿನ ಉದ್ದಕ್ಕೂ ಸೋಪು ನೀರು ಬಳಿಯುವುದು. ಗುಳ್ಳೆ ಎದ್ದಲ್ಲಿ ಪೆನ್ನಿನಿಂದ ಗುರುತು. ಸೂಟು ಹಾಕಿಕೊಂಡು ಕೊಳಕ್ಕಿಳಿದ ಮೇಲೆ ಒಳಬಟ್ಟೆ ಒದ್ದೆಯಾಗಿ ಕಂಡರೆ ಗಾಬರಿ ಬೇಡ. ಮೈಯೆಲ್ಲ ಒಂದೇ ಸಮ ತೇವವಿದ್ದರೆ ಬೆವರು; ಒಂದೇ ಜಾಗದಲ್ಲಿ ತಟ್ಟೆಯಗಲ ನೆನೆದಿದ್ದರೆ ಸೋರಿಕೆ. ಬೆಂಗಳೂರಿನ ಹವೆಗೆ ಡ್ರೈಸೂಟಿನೊಳಗೆ ಹತ್ತು ನಿಮಿಷ ನಿಂತರೆ ಬೆವರು ಖಾತ್ರಿ, ಅದಕ್ಕೇ ಸೋರಿಕೆಯ ಪರೀಕ್ಷೆಗೆ ಒಳಗೆ ಹಳೆಯ ಬೂದು ಬಣ್ಣದ ಬಟ್ಟೆ ಹಾಕಿದರೆ ಕಲೆ ಎದ್ದು ಕಾಣುತ್ತದೆ. ನೀರಿಗಿಳಿಯುವ ಮುಂಚೆ ಕುಕ್ಕರಗಾಲಲ್ಲಿ ಕೂತು, ಮಂಡಿ ಅಪ್ಪಿ, ಕತ್ತುಪಟ್ಟಿಯನ್ನು ಬೆರಳಿನಿಂದ ಬಿಡಿಸಿ ಒಳಗಾಳಿಯನ್ನು ಹೊರಬಿಡಬೇಕು. ಬಿಡದಿದ್ದರೆ ಬಿದ್ದಾಗ ಗಾಳಿಯೆಲ್ಲ ಕಾಲಿಗೆ ನುಗ್ಗಿ ಪಾದ ಮೇಲೆ, ತಲೆ ಕೆಳಗೆ. ಇದೊಂದನ್ನು ಮರೆಯುವಂತಿಲ್ಲ.

ವೆಟ್‌ಸೂಟಿನವರಿಗೆ ಒಂದು ಫ್ಲಾಸ್ಕ್ ಬೇಕು. ಇಳಿಯುವ ಮುಂಚೆ 40 ಡಿಗ್ರಿಯ ಎರಡು ಲೀಟರ್ ನೀರನ್ನು ಕತ್ತಿನಿಂದ ಒಳಗೆ ಸುರಿದುಕೊಂಡರೆ ಸೂಟಿನೊಳಗಿನ ನೀರನ್ನು ಮೈ ಕಾಯಿಸಬೇಕಿಲ್ಲ, ಅದು ಕಾದೇ ಬಂದಿರುತ್ತದೆ. ಎಳೆಯ ಮಗುವಿಗೆ ನೀರು ಹೊಯ್ಯುವ ಹದವೇ ಹದ, ಮೊಣಕೈ ಅದ್ದಿ ನೋಡಿದರೆ ಗೊತ್ತಾಗುತ್ತದೆ. ತಲೆಗೆ 2 ಮಿ.ಮೀ. ಟೋಪಿ, ಕಿವಿಗೆ ಇಯರ್‌ಪ್ಲಗ್. ತಣ್ಣೀರು ವರ್ಷಗಟ್ಟಲೆ ಕಿವಿಗೆ ಬಡಿಯುತ್ತಿದ್ದರೆ ಕಿವಿಯ ನಾಳದಲ್ಲಿ ಮೂಳೆ ಬೆಳೆಯುತ್ತದೆ.

ಪ್ರತಿ ಪರೀಕ್ಷೆಯ ಮೇಲೂ ಕ್ಲೋರಿನ್ ಹೋಗುವಂತೆ ತೊಳೆಯಬೇಕು, ಸಾಧ್ಯವಿದ್ದರೆ ಕಾವೇರಿ ನೀರಿನಲ್ಲಿ. ಬೋರ್‌ವೆಲ್ ನೀರಿನ ಗಡಸು ಝಿಪ್ಪಿನ ಹಲ್ಲಿನಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ, ನಾಲ್ಕು ಸಲಕ್ಕೆ ಝಿಪ್ ಕಚ್ಚಿಕೊಳ್ಳುತ್ತದೆ. ಡ್ರೈಸೂಟಿನ ಹಿತ್ತಾಳೆ ಝಿಪ್ಪಿಗೆ ಮೇಣದ ಬತ್ತಿ ಉಜ್ಜಿಡಬೇಕು, ಲ್ಯಾಟೆಕ್ಸ್ ಪಟ್ಟಿಗೆ ಸುವಾಸನೆ ಇಲ್ಲದ ಟಾಲ್ಕ್. ಉಗುರು ತಾಗಿ ಹರಿದ ನಿಯೋಪ್ರೀನಿಗೆ ಚಪ್ಪಲಿ ರಿಪೇರಿಯವರ ಕಾಂಟ್ಯಾಕ್ಟ್ ಅಂಟು ನಡೆಯುತ್ತದೆ, ಮೊದಲು ಒಳಗಿನ ಮೂಲೆಯಲ್ಲಿ ಒಂದು ಹನಿ ಹಚ್ಚಿ ರಬ್ಬರ್ ಕರಗುವುದಿಲ್ಲ ಅಂತ ನೋಡಿಕೊಂಡು. ಎರಡೂ ಅಂಚಿಗೆ ತೆಳುವಾಗಿ ಬಳಿದು, ಹತ್ತು ನಿಮಿಷ ಆರಿಸಿ, ಇನ್ನೊಂದು ಪದರ ಬಳಿದು, ಅದು ಬೆರಳಿಗೆ ಅಂಟದಂತಾದ ಮೇಲೆ ಒತ್ತಿ ಹಿಡಿದು ಒಂದು ದಿನ ಬಿಡಬೇಕು. ಸೂಟನ್ನು ಟೆರೇಸಿನ ಬಿಸಿಲಿಗೆ ಹಾಕುವಂತಿಲ್ಲ, ತೆಳು ತಂತಿಯ ಹ್ಯಾಂಗರಿಗೆ ಭುಜದಿಂದ ನೇತುಹಾಕುವಂತಿಲ್ಲ. ಭುಜದಲ್ಲಿ ಗುಳ್ಳೆ ಕುಸಿದು ಅಲ್ಲಿ ತೆಳ್ಳಗಾಗುತ್ತದೆ. ಪ್ಲಂಬಿಂಗ್ ಅಂಗಡಿಯ ನಾಲ್ಕಿಂಚು ಪಿವಿಸಿ ಪೈಪಿನ ಎರಡಡಿ ತುಂಡಿಗೆ ಹಗ್ಗ ತೂರಿಸಿ ನೆರಳಿನಲ್ಲಿ ಕಟ್ಟಿ, ಅದರ ಮೇಲೆ ಸೊಂಟದಲ್ಲಿ ಮಡಚಿ ಹಾಕಿದರೆ ಭಾರವೆಲ್ಲ ಅಗಲಕ್ಕೆ ಹಂಚಿಹೋಗುತ್ತದೆ. ಮೊದಲ ರಾತ್ರಿ ಒಳಮಗ್ಗುಲು ಹೊರಗೆ, ಎರಡನೇ ರಾತ್ರಿ ತಿರುಗಿಸಿ. ಮೂರನೇ ಬೆಳಿಗ್ಗೆ ಕಂಕುಳಿನ ಹೊಲಿಗೆ ಮುಟ್ಟಿದಾಗ ತಣ್ಣಗನ್ನಿಸಿದರೆ ಇನ್ನೂ ಆರಿಲ್ಲ, ಇನ್ನೊಂದು ರಾತ್ರಿ ಅಲ್ಲೇ ಇರಲಿ.